ಅಮ್ಮನ ಮುದ್ದೆ ನಿಲ್ಲಿಸಿದರೆ ಗಡ್ಡೆ ಉಪವಾಸ ಬೀಳುತ್ತದೆಯೇ?

ಪ್ರಶ್ನೆ: ನಮ್ಮ ಊರು ಚನ್ನರಾಯಪಟ್ಟಣದ ಹತ್ತಿರ. ಅಮ್ಮನಿಗೆ 58 ವರ್ಷ. ಹೋದ ವರ್ಷ ಸುಸ್ತು, ಏದುಸಿರು ಅಂತ ತೋರಿಸಿದಾಗ ರಕ್ತ ಕಮ್ಮಿ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಎಂಟು ತಿಂಗಳು ನುಂಗಿದರು. ಸ್ವಲ್ಪ ಏರುವುದು, ಮತ್ತೆ ಇಳಿಯುವುದು. ಕೊನೆಗೆ ಕೊಲೊನೊಸ್ಕೋಪಿ ಮಾಡಿದಾಗ ದೊಡ್ಡ ಕರುಳಿನ ಬಲಗಡೆ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಆಪರೇಷನ್ ಆಗಿದೆ, ಈಗ ಕೀಮೋ ನಡೆಯುತ್ತಿದೆ. ಆಸ್ಪತ್ರೆಯಲ್ಲಿ ಆಕ್ಸಾಲಿಪ್ಲಾಟಿನ್ ಡ್ರಿಪ್, ಮನೆಯಲ್ಲಿ ಕೆಪಸಿಟಬಿನ್ ಮಾತ್ರೆ. ಹಿಮೋಗ್ಲೋಬಿನ್ 8.4, ಫೆರಿಟಿನ್ 180, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ 11%. ಕಬ್ಬಿಣದ ಡ್ರಿಪ್ ಹಾಕೋಣ ಎಂದಿದ್ದಾರೆ ಡಾಕ್ಟರು. ಆದರೆ ಅಣ್ಣನ ವಾಟ್ಸಾಪ್‌ಗೆ ‘ಕಬ್ಬಿಣವೇ ಕ್ಯಾನ್ಸರ್‌ನ ಊಟ, ರಾಗಿ, ಸೊಪ್ಪು, ಬೆಲ್ಲ ಮುಟ್ಟಬೇಡಿ’ ಎಂಬ ಮೆಸೇಜ್ ಬಂದಿದೆ. ಮೂರು ವಾರದಿಂದ ಅಮ್ಮನಿಗೆ ಬರೀ ಬಿಳಿ ಅನ್ನ, ಮಜ್ಜಿಗೆ. 52 ಕೆಜಿ ಇದ್ದವರು 48ಕ್ಕೆ ಇಳಿದಿದ್ದಾರೆ. ಫೆರಿಟಿನ್ ನಾರ್ಮಲ್ ಇರುವಾಗ ಡ್ರಿಪ್ ಯಾಕೆ? ಆ ಎಂಟು ತಿಂಗಳ ಮಾತ್ರೆಯೇ ಗಡ್ಡೆ ಬೆಳೆಸಿತೇ? ಅಣ್ಣನಿಗೆ 43, ನನಗೆ 36. ಒಂದು ದಿನವೂ ತಪ್ಪದೆ ಆ ಮಾತ್ರೆ ಕೊಟ್ಟವಳು ನಾನೇ. ರಾತ್ರಿ ನಿದ್ದೆ ಬರುವುದಿಲ್ಲ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನೀವು ನಿದ್ದೆ ಮಾಡಬೇಕು. ಆ ಮಾತ್ರೆ ಗಡ್ಡೆಯನ್ನು ಹುಟ್ಟಿಸಲಿಲ್ಲ. ದೊಡ್ಡ ಕರುಳಿನಲ್ಲಿ ಪಾಲಿಪ್ ಎಂಬ ಒಂದು ಸಣ್ಣ ಗಂಟು ಕ್ಯಾನ್ಸರ್ ಆಗಿ ಬದಲಾಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ಅಮ್ಮ ಮೊದಲ ಮಾತ್ರೆ ನುಂಗುವ ದಿನ ಗಡ್ಡೆ ಒಳಗೆ ಇತ್ತು, ದಿನಾ ಒಂದಿಷ್ಟು ರಕ್ತ ಸೋರಿಸುತ್ತಿತ್ತು. ಅವರಿಗೆ ರಕ್ತ ಕಮ್ಮಿಯಾಗಿದ್ದೇ ಅದರಿಂದ. ನೀವು ಮಾತ್ರೆಯಿಂದ ತುಂಬುತ್ತಿದ್ದಿರಿ, ಗಡ್ಡೆ ಇನ್ನೊಂದು ಕಡೆಯಿಂದ ಖಾಲಿ ಮಾಡುತ್ತಿತ್ತು. ಏರುವುದು, ಇಳಿಯುವುದು ಎಂದು ಬರೆದಿದ್ದೀರಲ್ಲ, ಅದು ಇದೇ.

ತಪ್ಪಿದ್ದು ಬೇರೆ ಕಡೆ. ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣ ಯಾಕೆ ಕಮ್ಮಿಯಾಯಿತು ಎಂದು ಯಾರೂ ಕೇಳಲಿಲ್ಲ. ಇದನ್ನು ಬೇರೆಯವರ ಮೇಲೆ ಬೆರಳು ತೋರಿಸಲು ಹೇಳುತ್ತಿಲ್ಲ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ವೃತ್ತಿಗೆ ಬಂದ ಹೊಸತು. ರೇಷ್ಮೆ ಹುಳ ಸಾಕುವ ಮನೆಯ ಒಬ್ಬ ತಾಯಿ ಬರುತ್ತಿದ್ದರು, 60 ದಾಟಿದ್ದರು. ಸೆರಗಿನ ತುದಿಗೆ ಹಸಿ ಅಕ್ಕಿ ಗಂಟು ಕಟ್ಟಿಕೊಂಡು, ಸರದಿಗೆ ಕಾಯುವಾಗ ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೆರಳ ಉಗುರು ಚಮಚದ ಹಾಗೆ ಒಳಕ್ಕೆ ಬಾಗಿದ್ದವು. ಎರಡೂ ಕಬ್ಬಿಣ ಬತ್ತಿದ್ದರ ಗುರುತು, ಪುಸ್ತಕದಲ್ಲಿ ಓದಿದ ಹಾಗೇ ಇದ್ದವು. ಮಾತ್ರೆ ಬರೆದೆ. ಹಿಮೋಗ್ಲೋಬಿನ್ ಏರಿತು, ಅಕ್ಕಿ ತಿನ್ನುವುದು ನಿಂತಿತು. ನಾನು ಖುಷಿಪಟ್ಟೆ. ಏಳು ತಿಂಗಳ ಮೇಲೆ ಮತ್ತೆ ಬಂದಾಗ ಹೊಟ್ಟೆಯ ಬಲಗಡೆ ಕೈಗೇ ಸಿಗುವಷ್ಟು ದೊಡ್ಡ ಗಡ್ಡೆ. ಅವತ್ತಿನಿಂದ ಮುಟ್ಟು ನಿಂತ ಹೆಂಗಸರಾಗಲಿ, ಯಾವ ವಯಸ್ಸಿನ ಗಂಡಸರಾಗಲಿ, ಕಬ್ಬಿಣ ಕಮ್ಮಿ ಎಂದು ಬಂದರೆ ಜಠರ ಮತ್ತು ದೊಡ್ಡ ಕರುಳನ್ನು ನೋಡಿಸುವ ಮಾತು ಎತ್ತದೆ ಕಳಿಸುವುದಿಲ್ಲ.

ಬಲಗಡೆಯ ಕರುಳು ಅಗಲ, ಅಲ್ಲಿ ಮಲ ಇನ್ನೂ ನೀರಾಗಿಯೇ ಇರುತ್ತದೆ. ಗಡ್ಡೆ ಬೆಳೆದರೂ ಬೇಗ ದಾರಿ ಕಟ್ಟುವುದಿಲ್ಲ. ಸೋರಿದ ರಕ್ತ ಮಲದಲ್ಲಿ ಬೆರೆತುಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಕಬ್ಬಿಣದ ಮಾತ್ರೆ ನುಂಗಿದರೆ ಮಲ ಹೇಗೂ ಕಪ್ಪಾಗುತ್ತದೆ, ಇದ್ದ ಒಂದು ಸುಳಿವೂ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಇನ್ನೊಂದು ತೊಂದರೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಸುಮಾರು 48%. ಇಷ್ಟು ಜನಕ್ಕೆ ಇರುವ ಕಾಯಿಲೆ ಕಾಯಿಲೆ ಅಂತಲೇ ಅನಿಸುವುದಿಲ್ಲ. ‘ಹೆಂಗಸರಿಗೆ ಇದ್ದದ್ದೇ’ ಎಂದು ಸುಮ್ನೆ ಮಾತ್ರೆ ಕೊಟ್ಟು ಕಳಿಸುವ ಅಭ್ಯಾಸ ಬೆಳೆದಿದೆ.

ಈಗ ಅಣ್ಣನ ಮೆಸೇಜ್. ಅದು ಪೂರ್ತಿ ಸುಳ್ಳಲ್ಲ. ಅದಕ್ಕೇ ಜಾಸ್ತಿ ಅಪಾಯ.

ಒಂದು ಜೀವಕೋಶ ಎರಡಾಗಬೇಕಾದರೆ ಡಿಎನ್‌ಎಯನ್ನು ನಕಲು ಮಾಡಬೇಕು. ಆ ಕೆಲಸಕ್ಕೆ ಬೇಕಾದ ಒಂದು ಮುಖ್ಯ ಕಿಣ್ವ ಕಬ್ಬಿಣವಿಲ್ಲದೆ ನಡೆಯುವುದೇ ಇಲ್ಲ. ಬೇಗ ಬೇಗ ಎರಡಾಗುವ ಕ್ಯಾನ್ಸರ್ ಕೋಶಕ್ಕೆ ಕಬ್ಬಿಣದ ಆಸೆ ಜಾಸ್ತಿ. ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಪ್ರೋಟೀನ್‌ಗೆ ಟ್ರಾನ್ಸ್‌ಫೆರಿನ್ ಎಂದು ಹೆಸರು. ಅದನ್ನು ಹಿಡಿದು ಒಳಗೆಳೆಯುವ ಕೊಂಡಿಗಳನ್ನು ಕ್ಯಾನ್ಸರ್ ಕೋಶ ತನ್ನ ಮೈಮೇಲೆ ಹೆಚ್ಚಾಗಿ ಬೆಳೆಸಿಕೊಳ್ಳುತ್ತದೆ. ಈ ಆಸೆಯನ್ನೇ ನಾವು ಹಿಂದೆ ಪರೀಕ್ಷೆಗೆ ಬಳಸಿಕೊಂಡಿದ್ದೂ ಉಂಟು. ಗ್ಯಾಲಿಯಂ ಎಂಬ ಲೋಹ ದೇಹದೊಳಗೆ ಕಬ್ಬಿಣದ ವೇಷ ಹಾಕುತ್ತದೆ, ಟ್ರಾನ್ಸ್‌ಫೆರಿನ್ ಅದನ್ನೂ ಹೊರುತ್ತದೆ. ಅದು ಗಡ್ಡೆಯಲ್ಲಿ ಹೋಗಿ ಸೇರುತ್ತದೆ ಎಂದು ಅಮೆರಿಕದ ಓಕ್ ರಿಡ್ಜ್‌ನ ವಿಜ್ಞಾನಿಗಳು 1969ರಲ್ಲಿ ತೋರಿಸಿದರು. ಪೆಟ್ ಸ್ಕ್ಯಾನ್ ಬರುವ ತನಕ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಎಲ್ಲೆಲ್ಲಿ ಇದೆ ಎಂದು ಹುಡುಕಲು ಗ್ಯಾಲಿಯಂ ಸ್ಕ್ಯಾನನ್ನೇ ಮಾಡುತ್ತಿದ್ದರು.

ಕಬ್ಬಿಣ ಅತಿಯಾಗಿ ಕೂತರೆ ಕ್ಯಾನ್ಸರ್ ಬರಬಹುದು ಎಂಬುದೂ ನಿಜ. ಬಿಡಿಯಾಗಿ ತಿರುಗುವ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಬಹಳ ತೀಕ್ಷ್ಣವಾದ ಕಣಗಳು ಹುಟ್ಟುತ್ತವೆ, ಅವು ಡಿಎನ್‌ಎಗೆ ಗಾಯ ಮಾಡುತ್ತವೆ. ಹೀಮೋಕ್ರೊಮಟೋಸಿಸ್ ಎಂಬ ವಂಶಪಾರಂಪರ್ಯ ಕಾಯಿಲೆಯಲ್ಲಿ ಊಟದ ಕಬ್ಬಿಣವನ್ನು ಕರುಳು ಮಿತಿಯಿಲ್ಲದೆ ಹೀರುತ್ತದೆ. ವರ್ಷಗಟ್ಟಲೆ ಲಿವರ್‌ನಲ್ಲಿ ಕೂತು ಸಿರೋಸಿಸ್ ಆಗುತ್ತದೆ, ಅಲ್ಲಿಂದ ಲಿವರ್ ಕ್ಯಾನ್ಸರ್‌ಗೂ ಹೋಗಬಹುದು. ಇದು ಉತ್ತರ ಯುರೋಪಿನ ಮೂಲದವರಲ್ಲಿ ಸಾಕಷ್ಟಿದೆ. ಅದರ ಮುಖ್ಯ ಜೀನ್ ಪತ್ತೆಯಾದದ್ದು 1996ರಲ್ಲಿ. ನಮ್ಮ ದೇಶದಲ್ಲಿ ಆ ಬಗೆ ಅಪರೂಪ. ನಮ್ಮಲ್ಲಿ ಕಬ್ಬಿಣ ಮಿತಿಮೀರುವುದು ಹೆಚ್ಚಾಗಿ ಪದೇ ಪದೇ ರಕ್ತ ಹಾಕಿಸಿಕೊಳ್ಳುವ ತಲಸೀಮಿಯಾ ಮಕ್ಕಳಲ್ಲಿ, ರಕ್ತ ತಯಾರಿಸುವ ಮೂಳೆಮಜ್ಜೆಯ ಕೆಲವು ಕಾಯಿಲೆಯವರಲ್ಲಿ. ಒಂದು ಬಾಟಲಿ ರಕ್ತದಲ್ಲಿ 200ರಿಂದ 250 ಮಿ.ಗ್ರಾಂ ಕಬ್ಬಿಣ ಇರುತ್ತದೆ, ದೇಹಕ್ಕೆ ಅದನ್ನು ಹೊರಹಾಕುವ ದಾರಿ ಇಲ್ಲ. ಅವರಿಗೆ ಕಬ್ಬಿಣ ತೆಗೆಯುವ ಔಷಧವನ್ನೇ ಕೊಡುತ್ತೇವೆ.

ನಿಮ್ಮ ಅಮ್ಮ ಈ ಯಾವ ಗುಂಪಿನಲ್ಲೂ ಇಲ್ಲ. ಮೆಸೇಜ್ ಬರೆದವರು ಕಬ್ಬಿಣ ಉಕ್ಕಿ ಹರಿಯುವವರ ಮಾತನ್ನು ಕಬ್ಬಿಣ ಬತ್ತಿದವರ ಮನೆಗೆ ಕಳಿಸಿದ್ದಾರೆ.

ಮುದ್ದೆ ನಿಲ್ಲಿಸಿದರೆ ಗಡ್ಡೆ ಯಾಕೆ ಬಾಡುವುದಿಲ್ಲ ಎಂಬುದಕ್ಕೆ ಲೆಕ್ಕ ನೋಡಿ. ದೊಡ್ಡವರ ದೇಹದಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ, ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಹೆಚ್ಚುಕಮ್ಮಿ ಮೂರನೇ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲೇ ಇದೆ. ದಿನಾ ಹೊಸ ರಕ್ತ ಕಟ್ಟಲು 20ರಿಂದ 25 ಮಿ.ಗ್ರಾಂ ಬೇಕು. ಊಟದಿಂದ ಒಳಗೆ ಬರುವುದು ಬರೀ 1ರಿಂದ 2 ಮಿ.ಗ್ರಾಂ. ಉಳಿದದ್ದೆಲ್ಲ ಹಳೆಯ ರಕ್ತಕಣಗಳನ್ನು ಒಡೆದು ದೇಹ ತಾನೇ ಮರಳಿ ತೆಗೆದುಕೊಳ್ಳುವುದು. ಅಂದರೆ ಮೂರು ವಾರ ರಾಗಿ, ಸೊಪ್ಪು ಬಿಟ್ಟರೆ ಒಳಗಿನ ಕಬ್ಬಿಣದ ಓಡಾಟಕ್ಕೆ ಏನೂ ಆಗುವುದಿಲ್ಲ. ಇರುವ ಕಬ್ಬಿಣದಲ್ಲಿ ಮೊದಲ ತುತ್ತು ಕಿತ್ತುಕೊಳ್ಳುವ ಜಾಣತನ ಕ್ಯಾನ್ಸರ್ ಕೋಶಕ್ಕಿದೆ. ಸೊರಗುವುದು ಅಮ್ಮನ ಮಜ್ಜೆ, ಮಾಂಸಖಂಡ, ಹೃದಯ. ಕ್ಯಾನ್ಸರ್ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳೂ ಕಬ್ಬಿಣ ಇಲ್ಲದೆ ಎರಡಾಗುವುದಿಲ್ಲ. ಮೂರು ವಾರದಲ್ಲಿ 4 ಕೆಜಿ ಹೋಗಿದೆಯಲ್ಲ, ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದು. ಹೀಗೇ ಇಳಿದರೆ ಕೀಮೋ ಡೋಸ್ ಕಮ್ಮಿ ಮಾಡಬೇಕಾಗುತ್ತದೆ, ಇಲ್ಲವೇ ಮುಂದೂಡಬೇಕಾಗುತ್ತದೆ. ಆ ನಷ್ಟ ನಿಜವಾದದ್ದು.

‘ಫೆರಿಟಿನ್ ನಾರ್ಮಲ್ ಇದೆಯಲ್ಲ’ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ, ಎಷ್ಟೋ ವೈದ್ಯರೂ ಇಲ್ಲಿ ಎಡವುತ್ತಾರೆ. ನಿಮ್ಮ ಕಡೆ ಹಳೆಯ ಕಾಲದಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು, ಕೇಳಿರುತ್ತೀರಿ. ನೆಲದೊಳಗಿನ ಗುಂಡಿ, ಬಾಯಿಗೆ ಕಲ್ಲು ಚಪ್ಪಡಿ, ಮೇಲೆ ಮಣ್ಣು. ಒಳಗೆ ರಾಗಿ ಇರುತ್ತದೆ, ಬಾಯಿ ತೆಗೆಯದಿದ್ದರೆ ಅಡುಗೆಮನೆಗೆ ಬರುವುದಿಲ್ಲ. ಫೆರಿಟಿನ್ ಎಂದರೆ ಹಗೇವಿನಲ್ಲಿ ಎಷ್ಟಿದೆ ಎಂಬ ಅಂದಾಜು. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎಂದರೆ ಅಡುಗೆಮನೆಗೆ ಹೊರಟ ಗಾಡಿಯಲ್ಲಿ ಎಷ್ಟು ತುಂಬಿದೆ ಎಂಬ ಲೆಕ್ಕ. ಅಮ್ಮನ ಗಾಡಿಯಲ್ಲಿ 11% ಮಾತ್ರ ಇದೆ. 20ಕ್ಕಿಂತ ಕೆಳಗಿದ್ದರೆ ಮಜ್ಜೆಗೆ ಸಾಲುವುದಿಲ್ಲ.

ಹಗೇವಿನ ಬಾಯಿ ಮುಚ್ಚುವುದು ಹೆಪ್ಸಿಡಿನ್ ಎಂಬ ಹಾರ್ಮೋನು. ಲಿವರ್ ಅದನ್ನು ತಯಾರಿಸುತ್ತದೆ. ದೇಹದಲ್ಲಿ ಸೋಂಕು, ಉರಿಯೂತ, ಕ್ಯಾನ್ಸರ್, ಆಪರೇಷನ್ ಗಾಯ ಏನೇ ಇದ್ದರೂ ಹೆಪ್ಸಿಡಿನ್ ಏರುತ್ತದೆ. ಸಂಗ್ರಹದ ಕಬ್ಬಿಣ ಹೊರಗೆ ಬರುವುದಿಲ್ಲ, ಕರುಳಿನಿಂದಲೂ ಒಳಗೆ ಹೋಗುವುದಿಲ್ಲ. ರೋಗಾಣುಗಳಿಗೆ ಕಬ್ಬಿಣ ಸಿಗದಿರಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಇದು. ವಾರಗಟ್ಟಲೆ ಹೀಗೇ ಇದ್ದರೆ ಹೊಸ ರಕ್ತ ಕಟ್ಟುವ ಕೆಲಸವೇ ಕುಂಟುತ್ತದೆ. ಅದರ ಜೊತೆ ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳೇ ಏರಿರುತ್ತದೆ. ಆರೋಗ್ಯವಂತರಲ್ಲಿ 30ರ ಕೆಳಗಿದ್ದರೆ ಕೊರತೆ ಎನ್ನುತ್ತೇವೆ. ಕ್ಯಾನ್ಸರ್ ಇರುವವರಲ್ಲಿ 100ರ ಕೆಳಗಿದ್ದರೇ ಕೊರತೆ. 100ರ ಮೇಲಿದ್ದೂ ಸ್ಯಾಚುರೇಷನ್ 20ರ ಕೆಳಗಿದ್ದರೆ, ಕಬ್ಬಿಣ ಇದ್ದೂ ಕೈಗೆ ಸಿಗದ ಸ್ಥಿತಿ. ಅಮ್ಮನದು ಇದೇ. ನಿಮ್ಮ ಡಾಕ್ಟರು ಸರಿಯಾಗಿ ನೋಡಿದ್ದಾರೆ.

ಹಾಗಾದರೆ ಏನೇನು ಮಾಡಬಹುದು?

ಮಾತ್ರೆ ಮತ್ತೆ ಶುರು ಮಾಡುವುದು ಒಂದು ದಾರಿ. ಅಗ್ಗ, ಸುಲಭ. ಆದರೆ ಹೆಪ್ಸಿಡಿನ್ ಬಾಗಿಲು ಹಾಕಿರುವಾಗ ಹೆಚ್ಚಿನ ಪಾಲು ಕರುಳಿನಲ್ಲೇ ಉಳಿದು ಹೊಟ್ಟೆ ತೊಳಸು, ಮಲಬದ್ಧತೆ ತರುತ್ತದೆ, ಕೀಮೋ ವಾಕರಿಕೆಯ ಮೇಲೆ ಇದೂ ಒಂದು. ಅಮ್ಮನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮಲ್ಲಿ ಸಿಗುವ ಬಹುಪಾಲು ಕಬ್ಬಿಣದ ಮಾತ್ರೆಗಳಲ್ಲಿ ಫೋಲಿಕ್ ಆಸಿಡ್ ಸೇರಿರುತ್ತದೆ. ಸರ್ಕಾರದಿಂದ ಕೊಡುವ ಮಾತ್ರೆಯಲ್ಲೂ 60 ಮಿ.ಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ, ಅಂಗಡಿಯ ಕೆಲವು ಮಾತ್ರೆಗಳಲ್ಲಿ ಇನ್ನೂ ಜಾಸ್ತಿ. ಕೆಪಸಿಟಬಿನ್ ನುಂಗುವವರಿಗೆ ಫೋಲಿಕ್ ಆಸಿಡ್ ಸೇರಿದರೆ ಭೇದಿ, ಬಾಯಿಹುಣ್ಣು, ಅಂಗೈ ಅಂಗಾಲು ಸುಲಿಯುವುದು ಹೆಚ್ಚಾಗಬಹುದು. ಮನೆಯಲ್ಲಿ ಉಳಿದ ಹಳೆಯ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ.

ಎರಡನೆಯದು ಡಾಕ್ಟರು ಹೇಳಿದ ಡ್ರಿಪ್. ನಾನಾಗಿದ್ದರೂ ಇದನ್ನೇ ಹೇಳುತ್ತಿದ್ದೆ. ಅದು ಕರುಳನ್ನೂ ಅಲ್ಲಿನ ಮುಚ್ಚಿದ ಬಾಗಿಲನ್ನೂ ದಾಟಿ ನೇರ ರಕ್ತಕ್ಕೆ ಹೋಗುತ್ತದೆ. ನೋಡಲು ಗಟ್ಟಿ ಕಾಫಿ ಡಿಕಾಕ್ಷನ್ ಬಣ್ಣ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬುದಾದರೆ ಸಲೈನಿಗೆ ಬೆರೆಸಿ 15 ನಿಮಿಷದಲ್ಲಿ ಹಾಕುತ್ತಾರೆ. ಅಮ್ಮನ ತೂಕಕ್ಕೆ, ಈಗಿನ ಹಿಮೋಗ್ಲೋಬಿನ್‌ಗೆ ಒಟ್ಟು 1000ದಿಂದ 1500 ಮಿ.ಗ್ರಾಂ ಬೇಕಾಗಬಹುದು, ಅದನ್ನು ಎರಡು ಕಂತು ಮಾಡುತ್ತಾರೆ. ಐರನ್ ಸುಕ್ರೋಸ್ ಆದರೆ ಸಾಮಾನ್ಯವಾಗಿ ಸಲಕ್ಕೆ 200 ಮಿ.ಗ್ರಾಂ, ಬೆಲೆ ಕಮ್ಮಿ, ಆದರೆ ಐದಾರು ಸಲ ಓಡಾಡಬೇಕು.

ಅಪಾಯ ಇಲ್ಲವೇ? ಇದೆ. ತೀವ್ರ ಅಲರ್ಜಿ ಅಪರೂಪ, ಆದರೂ ಡ್ರಿಪ್ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಬೇಕು. ಸೂಜಿ ಚುಚ್ಚಿದ ಜಾಗ ಉರಿಯುತ್ತಿದೆ ಎಂದು ಅಮ್ಮ ಹೇಳಿದರೆ ತಕ್ಷಣ ಸಿಸ್ಟರನ್ನು ಕರೆಯಿರಿ, ‘ಸ್ವಲ್ಪ ತಡ್ಕೋ ಅಮ್ಮ’ ಎನ್ನಬೇಡಿ. ಔಷಧ ನರದಿಂದ ಹೊರಗೆ ಸೋರಿದರೆ ಚರ್ಮದಲ್ಲಿ ಕಂದು ಕಲೆ ಕೂತುಬಿಡುತ್ತದೆ, ವರ್ಷಗಟ್ಟಲೆ ಹೋಗುವುದಿಲ್ಲ. ಕಾರ್ಬಾಕ್ಸಿಮಾಲ್ಟೋಸ್‌ನಿಂದ ಕೆಲವರಿಗೆ ರಕ್ತದ ಫಾಸ್ಫೇಟ್ ಇಳಿಯುತ್ತದೆ. ಡ್ರಿಪ್ ಆದ ಮೇಲೂ ಸುಸ್ತು, ಮೂಳೆನೋವು ಜಾಸ್ತಿಯಾದರೆ ಅದನ್ನು ಪರೀಕ್ಷಿಸಲು ಕೇಳಿ. ಜ್ವರ, ಸೋಂಕು ಇರುವಾಗ ಮಾತ್ರ ಡ್ರಿಪ್ ಬೇಡವೇ ಬೇಡ, ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು. ಕೀಮೋ ಡ್ರಿಪ್‌ನ ದಿನವೇ ಇದನ್ನೂ ಹಾಕುವ ಬದಲು ಬೇರೆ ದಿನ ಗೊತ್ತುಮಾಡುವುದನ್ನು ನಾನು ಇಷ್ಟಪಡುತ್ತೇನೆ. ಹಿಮೋಗ್ಲೋಬಿನ್ ಮರುದಿನವೇ ಏರುವುದಿಲ್ಲ, ಎರಡರಿಂದ ನಾಲ್ಕು ವಾರ ಕಾಯಬೇಕು.

ಅಣ್ಣ ಕೇಳುವ ಮುಖ್ಯ ಪ್ರಶ್ನೆ ನನಗೆ ಗೊತ್ತು: ಡ್ರಿಪ್‌ನಿಂದ ಕ್ಯಾನ್ಸರ್ ಮರಳಿ ಬರುತ್ತದೆಯೇ? ಬ್ರಿಟನ್ನಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ರಕ್ತಹೀನತೆ ಎರಡೂ ಇದ್ದ 116 ಮಂದಿಗೆ ಆಪರೇಷನ್‌ಗೆ ಮುಂಚೆ ಕೆಲವರಿಗೆ ಮಾತ್ರೆ, ಕೆಲವರಿಗೆ ಡ್ರಿಪ್ ಕೊಟ್ಟು ನೋಡಿದರು. ಹಿಮೋಗ್ಲೋಬಿನ್ ಏರಿಸುವುದರಲ್ಲಿ ಡ್ರಿಪ್ ಮೇಲಾಯಿತು. ಐದು ವರ್ಷ ಹಿಂಬಾಲಿಸಿದಾಗ ಬದುಕುಳಿದವರ ಲೆಕ್ಕದಲ್ಲಾಗಲಿ, ಕ್ಯಾನ್ಸರ್ ಮರಳಿದ್ದರಲ್ಲಾಗಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ನಿಜ. ಆದರೂ 8.4 ಹಿಮೋಗ್ಲೋಬಿನ್‌ನಲ್ಲಿ ಕೀಮೋ ಎದುರಿಸುವ ಕಷ್ಟ ಇವತ್ತಿನದು, ಕಣ್ಣೆದುರಿನದು.

ರಕ್ತ ಹಾಕಿಸುವುದು ಮೂರನೆಯ ದಾರಿ. ಒಂದು ಬಾಟಲಿಗೆ ಹಿಮೋಗ್ಲೋಬಿನ್ ಸುಮಾರು 1 ಏರುತ್ತದೆ, ಅವತ್ತೇ ಹಾಯೆನಿಸುತ್ತದೆ. 7ಕ್ಕಿಂತ ಇಳಿದರೆ, ಎದೆನೋವು ಅಥವಾ ಕೂತಲ್ಲೇ ಏದುಸಿರು ಬಂದರೆ ಕಾಯುವ ಮಾತಿಲ್ಲ, ಹಾಕಿಸಬೇಕು. 8.4ರಲ್ಲಿ ಓಡಾಡಿಕೊಂಡಿದ್ದರೆ ಈಗ ಬೇಕಿಲ್ಲ. ರಕ್ತ ಏರಿಸುವ ಎರಿತ್ರೊಪೊಯಿಟಿನ್ ಇಂಜೆಕ್ಷನ್ ಹೆಸರು ಯಾರಾದರೂ ಹೇಳಬಹುದು. ಕ್ಯಾನ್ಸರ್ ಪೂರ್ತಿ ಗುಣವಾಗಲಿ ಎಂದು ಕೊಡುತ್ತಿರುವ ಕೀಮೋ ಜೊತೆ ಅದನ್ನು ಬಳಸುವುದಿಲ್ಲ. ರಕ್ತ ಹೆಪ್ಪುಗಟ್ಟುವ, ಕೆಲವು ಕ್ಯಾನ್ಸರ್‌ಗಳು ಬೇಗ ಬೆಳೆಯುವ ಅಪಾಯ ಕಂಡು ಅಮೆರಿಕದ ಔಷಧ ನಿಯಂತ್ರಕರು 2007ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದ್ದಾರೆ.

ಜೊತೆಗೆ ಬಿ12 ಒಂದು ಸಲ ನೋಡಿಸಿ. ಬಲಗಡೆಯ ದೊಡ್ಡ ಕರುಳು ತೆಗೆಯುವಾಗ ಸಣ್ಣ ಕರುಳಿನ ಕೊನೆಯ ತುಂಡೂ ಸ್ವಲ್ಪ ಹೋಗುತ್ತದೆ, ಬಿ12 ಹೀರುವುದು ಅಲ್ಲೇ.

ಕ್ಯಾನ್ಸರ್‌ನ ಕಬ್ಬಿಣದ ಆಸೆಯನ್ನೇ ಅದರ ವಿರುದ್ಧ ತಿರುಗಿಸಲು ಆಗುವುದಿಲ್ಲವೇ ಎಂದರೆ, ಆ ಪ್ರಯತ್ನ ನಡೆದೇ ಇದೆ. ಕೆಲವು ರಕ್ತದ ಕಾಯಿಲೆಗಳಿಗೆ ನಾವು ಬರೆಯುವ ಹೈಡ್ರಾಕ್ಸಿಯೂರಿಯಾ, ಡಿಎನ್‌ಎ ನಕಲಿಗೆ ಬೇಕು ಎಂದೆನಲ್ಲ, ಆ ಕಬ್ಬಿಣದ ಕಿಣ್ವವನ್ನೇ ತಡೆಯುತ್ತದೆ. 2012ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಜೊತೆಗಾರರು ಕೋಶ ಸಾಯುವ ಒಂದು ಹೊಸ ಬಗೆಯನ್ನು ವಿವರಿಸಿ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು. ಅಲ್ಲಿ ಕಬ್ಬಿಣವೇ ಕೋಶದ ಪೊರೆಯ ಕೊಬ್ಬನ್ನು ಸುಡುತ್ತದೆ. ಕಬ್ಬಿಣ ಹೆಚ್ಚು ತುಂಬಿಕೊಂಡ ಕ್ಯಾನ್ಸರ್ ಕೋಶ ಹೀಗೆ ಸುಲಭವಾಗಿ ಸಾಯಬಹುದು ಎಂಬ ಆಸೆಯಿಂದ ಔಷಧ ಹುಡುಕುತ್ತಿದ್ದಾರೆ. ನನಗೂ ಈ ದಾರಿಯ ಮೇಲೆ ಭರವಸೆ ಇದೆ. ಆದರೆ ಈ ಹೆಸರು ಹೇಳಿ ಆರ್ಟೆಮಿಸಿನಿನ್ (ಮಲೇರಿಯಾಕ್ಕೆ ಬಳಸುವ ಔಷಧ) ಪುಡಿ, ‘ಕಬ್ಬಿಣ ಕರಗಿಸುವ’ ಕಷಾಯ ಮಾರುವವರು ಬಂದರೆ ಬಾಗಿಲು ಹಾಕಿ. ಕಬ್ಬಿಣ ಕಳೆಯುವ ಔಷಧವನ್ನು ರಕ್ತಹೀನತೆ ಇರುವವರಿಗೆ ಕೊಟ್ಟರೆ ಆಗುವುದು ನೇರ ಹಾನಿ.

ಊಟಕ್ಕೆ ಬರೋಣ. ನಾಳೆ ಬೆಳಿಗ್ಗೆಯಿಂದಲೇ ಅಮ್ಮನಿಗೆ ಅವರ ಊಟ ವಾಪಸ್ ಕೊಡಿ. ಮುದ್ದೆ, ಬಸ್ಸಾರು, ಕಾಳು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಸೊಪ್ಪನ್ನು ಮೂರು ನಾಲ್ಕು ನೀರಿನಲ್ಲಿ ತೊಳೆದು ಚೆನ್ನಾಗಿ ಬೇಯಿಸಿ, ಕೀಮೋ ಸಮಯದಲ್ಲಿ ಹಸಿ ಸೊಪ್ಪು ಬೇಡ. ಸಾರಿಗೆ ನಿಂಬೆ ಹಿಂಡಿದರೆ ಸೊಪ್ಪು, ರಾಗಿಯ ಕಬ್ಬಿಣ ಸ್ವಲ್ಪ ಹೆಚ್ಚು ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಬೇಡ, ಒಂದು ಗಂಟೆ ಬಿಡಲಿ. ಭೇದಿ ಇರುವ ದಿನ ಮುದ್ದೆ ಬದಲು ತೆಳ್ಳಗೆ ಗಂಜಿ ಮಾಡಿ. ಬೀಟ್‌ರೂಟ್, ದಾಳಿಂಬೆ ತಿಂದರೆ ಕೆಂಪು ರಕ್ತ ಬರುತ್ತದೆ ಎಂದು ದುಬಾರಿ ಹಣ್ಣು ತರಬೇಕಿಲ್ಲ, ಅವುಗಳಲ್ಲಿ 100 ಗ್ರಾಂಗೆ 1 ಮಿ.ಗ್ರಾಂ ಕಬ್ಬಿಣವೂ ಇಲ್ಲ. ಮಟನ್‌ನಂಥ ಕೆಂಪು ಮಾಂಸದ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಅದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿದೆ. ಮಾಂಸದ ಕಬ್ಬಿಣ ಅದಕ್ಕೆ ಒಂದು ಕಾರಣ ಇರಬಹುದು ಎಂಬ ವಾದವೂ ಇದೆ. ಅಪರೂಪಕ್ಕೆ ಒಂದು ತುಂಡು ತಿಂದರೆ ಹೆದರಬೇಕಿಲ್ಲ, ದಿನಾ ಬೇಡ. ಇನ್ನೊಂದು, ಆ ಮಜ್ಜಿಗೆ ಫ್ರಿಜ್‌ನದಾಗಿದ್ದರೆ ನಿಲ್ಲಿಸಿ. ಆಕ್ಸಾಲಿಪ್ಲಾಟಿನ್ ತೆಗೆದುಕೊಂಡವರಿಗೆ ತಣ್ಣಗಿನದು ಕುಡಿದರೆ ಗಂಟಲು ಹಿಡಿದಂತೆ, ಬೆರಳು ಜುಮ್ಮೆಂದಂತೆ ಆಗುತ್ತದೆ.

ಅಣ್ಣನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅಮ್ಮನಿಗಾಗಿ ಏನಾದರೂ ಮಾಡಬೇಕು ಎಂಬ ಸಂಕಟದಲ್ಲೇ ಅವರು ಆ ಮೆಸೇಜ್ ನಂಬಿದ್ದಾರೆ. ಅವರು ಮಾಡಲೇಬೇಕಾದ ಒಂದು ಕೆಲಸ ಇದೆ. ತಾಯಿಗೆ 60ರ ಒಳಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂದಿದ್ದರೆ ಮಕ್ಕಳು 40ಕ್ಕೆ ಕೊಲೊನೊಸ್ಕೋಪಿ ಶುರು ಮಾಡಬೇಕು. ಅವರಿಗೆ ಈಗಾಗಲೇ 43. ನಿಮಗೆ ನಾಲ್ಕು ವರ್ಷ ಇದೆ, ಆದರೆ ಮೊದಲು ಅಮ್ಮನ ಬಯಾಪ್ಸಿ ರಿಪೋರ್ಟ್‌ನಲ್ಲಿ ಎಂಎಂಆರ್ ಪರೀಕ್ಷೆ (ಡಿಎನ್‌ಎ ನಕಲಿನ ತಪ್ಪು ತಿದ್ದುವ ಪ್ರೋಟೀನ್‌ಗಳು ಗಡ್ಡೆಯಲ್ಲಿ ಇವೆಯೇ ಎಂದು ನೋಡುವುದು) ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಮಾಡಿಸಲು ಡಾಕ್ಟರನ್ನು ಕೇಳಿ, ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತುಣುಕು ಲ್ಯಾಬ್‌ನಲ್ಲಿ ಇರುತ್ತದೆ. ಅದರಲ್ಲಿ ವಂಶಪಾರಂಪರ್ಯದ ಸುಳಿವು ಸಿಕ್ಕರೆ ನೀವೂ 40ರ ತನಕ ಕಾಯುವ ಹಾಗಿಲ್ಲ. ಅಣ್ಣನಿಗೆ ಈ ತಿಂಗಳೇ ದಿನ ಗೊತ್ತುಮಾಡಿ, ಅದೇ ದಿನ ಅವರ ಹಿಮೋಗ್ಲೋಬಿನ್ನೂ ನೋಡಿಸಿ.